ಬ್ಯಾಳಿ ಕ್ಲಾಸು

ಹುಮನಾಬಾದಿನ ನಮ್ಮ ಮನೆಯಲ್ಲಿ ಬೇಳೆಯನ್ನು ಬೇಳೆ ಎಂದು ಕರೆದವರು ಯಾರೂ ಇಲ್ಲ. ಅದು ಬ್ಯಾಳಿ. ಮನೆಯ ಬೆನ್ನಿಗೆ ಅಂಟಿಕೊಂಡೇ ನಮ್ಮ ಗಿರಣಿ ಇತ್ತು. ತೊಗರಿ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಬ್ಯಾಳಿಯಾಗಿ ಹೊರಗೆ ಬರುತ್ತಿತ್ತು. ಹುಡಗಿ, ಕೊಹಿನೂರ ಊರುಗಳ ಕಡೆಯ ರೈತರು ಚೀಲ ಇಳಿಸಿ, ಅಂಗಳದ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿಯುತ್ತಿದ್ದರು. ಸುಗ್ಗಿ ಮುಗಿದ ಹೊಸದರಲ್ಲಿ ಗಿರಣಿ ಬೆಳಗಿನಿಂದ ಸಂಜೆಯ ತನಕ ಓಡುತ್ತಿದ್ದರೆ ಅಡುಗೆಮನೆಯ ಮಾಡದಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ತಾವೇ ಸಣ್ಣಗೆ ಮಾತಾಡಿಕೊಳ್ಳುತ್ತಿದ್ದವು. ಅಪ್ಪನ ಅಂಗಿಯ ಜೇಬಿನಲ್ಲಿ, ನನ್ನ ಶಾಲೆಯ ಚೀಲದ ತಳದಲ್ಲಿ, ದೇವರ ಜಗಲಿಯ ಸಂದಿನಲ್ಲಿ, ಎಲ್ಲೆಲ್ಲೂ ಹಳದಿ ಪುಡಿ. ಊಟಕ್ಕೆ ಕೂತರೆ ಜೋಳದ ರೊಟ್ಟಿಯ ಪಕ್ಕದಲ್ಲಿ ಬ್ಯಾಳಿ. ಪುಂಡಿ ಪಲ್ಯ ಮಾಡಿದರೂ ಅದರೊಳಗೆ ಬ್ಯಾಳಿ. ನಾನು ನೃತ್ಯ ಕಲಿತದ್ದು ಈ ಬ್ಯಾಳಿಯ ದೆಸೆಯಿಂದಲೇ ಎಂದರೆ ಕೇಳಿದವರು ನಗುತ್ತಾರೆ. ನಗಲಿ, ಆದರೆ ಅದು ಖರೇ ಮಾತು.

ಮನೆಯ ಯಜಮಾನಿಕೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಮುತ್ಯಾ, ಅಂದರೆ ಅಜ್ಜ, ತೀರಿಕೊಂಡ ದಿನ ಗಿರಣಿಯ ಕೀಲಿಕೈ ಸೆರಗಿಗೆ ಕಟ್ಟಿಕೊಂಡವಳು ಅದನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟದ್ದು ಬಹಳ ವರ್ಷಗಳ ಮೇಲೆ. ಕೊಟ್ಟ ಮೇಲೂ ದಿನಾ ಸಂಜೆ ವಾಪಸ್ ಕೇಳುತ್ತಿದ್ದಳು. ಬೆಳಿಗ್ಗೆ ಜಳಕ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಮುಗಿಯುವ ತನಕ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವಂತಿರಲಿಲ್ಲ. ಆಮೇಲೆ ನನ್ನನ್ನೂ ನನ್ನ ಕಾಕಾನ ಮಗಳು ಗೌರಿಯನ್ನೂ ಕರೆದು ಹಣೆ ತುಂಬ ವಿಭೂತಿ ಹಚ್ಚುತ್ತಿದ್ದಳು. ಅವಳ ಬೆರಳುಗಳು ಒರಟು, ಆದರೆ ಆ ಒಂದು ಗಳಿಗೆಯಲ್ಲಿ ಮಾತ್ರ ಮೆತ್ತಗಾಗುತ್ತಿದ್ದವು. ನಾವು ತಪ್ಪು ಮಾಡಿದ ದಿನ ಬೈಗುಳ ಇರುತ್ತಿರಲಿಲ್ಲ, ಏಟು ಇರುತ್ತಿರಲಿಲ್ಲ. ವಿಭೂತಿ ಇರುತ್ತಿರಲಿಲ್ಲ, ಅಷ್ಟೇ. ಬರಿ ಹಣೆಯಲ್ಲಿ ಶಾಲೆಗೆ ಹೋದರೆ ಓಣಿಯ ಮಂದಿಗೆಲ್ಲ ಗೊತ್ತಾಗುತ್ತಿತ್ತು. ಒಮ್ಮೆ ಯಾರದೋ ಮದುವೆಯ ಬ್ಯಾಂಡಿನ ಮುಂದೆ ಗೌರಿ ನಾಲ್ಕು ಹೆಜ್ಜೆ ಹಾಕಿದಳೆಂದು ಆಕೆಯ ಹಣೆ ಎಷ್ಟೋ ದಿನ ಹಾಗೇ ಇತ್ತು. ಆಯಿಯ ಪ್ರಕಾರ ಕೆಲಸ ಮಾಡುವ ಕೈಗೆ ಬೆಲೆ ಇತ್ತು, ಪೂಜೆ ಮಾಡುವ ಕೈಗೆ ಬೆಲೆ ಇತ್ತು, ಕುಣಿಯುವ ಕಾಲಿಗೆ ಯಾವ ಕೆಲಸವೂ ಇರಲಿಲ್ಲ.

ಆಯಿಯ ಬಾಯಲ್ಲಿ ಒಂದು ಗಾದೆ ಸದಾ ತಯಾರಿರುತ್ತಿತ್ತು. ಕಾಕು, ಅಂದರೆ ಗೌರಿಯ ತಾಯಿ, ರೊಟ್ಟಿ ಹರಿದದ್ದಕ್ಕೆ ಹಿಟ್ಟನ್ನು ದೂರಿದರೆ ಆ ಗಾದೆ. ನಾನು ಲೆಕ್ಕದಲ್ಲಿ ಕಡಿಮೆ ಅಂಕ ತಂದು ಮಾಸ್ತರರನ್ನು ದೂರಿದರೆ ಅದೇ ಗಾದೆ. ಅಪ್ಪ ಮಷೀನಿನ ಪಟ್ಟಾ ಸರಿಯಿಲ್ಲ ಎಂದರೂ ಅದೇ.

"ಕುಣಿಲಿಕ್ಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ."

ಕುಣಿತವನ್ನೇ ಒಪ್ಪದ ಹೆಂಗಸು ದಿನಕ್ಕೆ ಎಷ್ಟು ಸಲ ಕುಣಿತದ ಮಾತಾಡುತ್ತಾಳೆ ಎಂದು ಕಾಕು ಹಿಂದಿನಿಂದ ನಗುತ್ತಿದ್ದಳು. ಇನ್ನೊಂದು ವಿಷಯ: ಆಯಿ ಯಾವಾಗಲೂ ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಎದುರಿಗೆ ಬೀಗರು ಬಂದರೂ ಮೊದಲು ಅವರ ಚಪ್ಪಲಿ ಕಂಡು, ಆಮೇಲೆ ಮುಖ ಎತ್ತುತ್ತಿದ್ದಳು. ಬಿದ್ದ ಕಾಳು ಹುಡುಕುತ್ತಾಳೆ ಎಂದು ನಾವು ತಿಳಿದಿದ್ದೆವು. ಗಿರಣಿಯವರ ಮನೆಯಲ್ಲಿ ಅದು ಸಹಜವೇ ಆಗಿತ್ತು.

ಆ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಮಾಳಿಗೆಯ ಎರಡು ಖೋಲಿಗೆ ಬಾಡಿಗೆದಾರರು ಬಂದರು. ಹೆದ್ದಾರಿಯ ಪಕ್ಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದ ಒಬ್ಬ ಯುವಕ, ಆತನ ಹೆಂಡತಿ ಶಾಲಿನಿ. ಆಕೆಯ ತಂದೆ ತಾಯಿ ನಾರಾಯಣಪುರದವರು. ಹೊಟ್ಟೆಪಾಡಿಗೆ ಮುಂಬೈಗೆ ಹೋಗಿ ಅಲ್ಲೇ ಉಳಿದವರು. ಹುಟ್ಟಿದ್ದು ಬೆಳೆದದ್ದು ಎಲ್ಲ ಮುಂಬೈಯಲ್ಲಾದ್ದರಿಂದ ಆಕೆಯ ಕನ್ನಡ ನಮ್ಮ ಕಡೆಯದಾಗಿರಲಿಲ್ಲ, ನಡುನಡುವೆ ಮರಾಠಿ ಬೇರೆ. ಅವರ ಚಾಳಿನ ಹತ್ತಿರ ಒಬ್ಬ ವಯಸ್ಸಾದ ಪಾರ್ಸಿ ಬಾಯಿ ಮಕ್ಕಳಿಗೆ ಬ್ಯಾಲೆ ಕಲಿಸುತ್ತಿದ್ದಳಂತೆ. ಶಾಲಿನಿಯ ತಾಯಿ ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅಡುಗೆ ಮುಗಿಯುವ ತನಕ ಬಾಗಿಲಲ್ಲಿ ಕೂತಿರುತ್ತಿದ್ದ ಹುಡುಗಿಯನ್ನು ಆ ಬಾಯಿ ಒಂದು ದಿನ ಒಳಗೆ ಕರೆದು ಸಾಲಿನಲ್ಲಿ ನಿಲ್ಲಿಸಿದಳು. ಅಲ್ಲಿಂದ ಹಿಡಿದು ಮದುವೆಯಾಗುವ ತನಕ ಶಾಲಿನಿ ಆ ಸಾಲು ಬಿಟ್ಟಿರಲಿಲ್ಲ. ನಮ್ಮ ಮನೆಗೆ ಬಂದು ಒಂದೆರಡು ವಾರಕ್ಕೆಲ್ಲ ಆಕೆ ಪಡಸಾಲೆಗೆ ಇಳಿದು ಬಂದಳು. ಅಪ್ಪ ಪೇಪರ್ ಓದುತ್ತಿದ್ದ. ಆಯಿ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು.

"ಕಾಕಾ, ನಾನು ಬ್ಯಾಲೆ ಕಲ್ತಿದೀನಿ. ಇಲ್ಲಿ ಹುಡುಗಿಯರಿಗೆ ಕಲಿಸಬೇಕಂತ ಮನಸ್ಸಿದೆ. ನಿಮ್ಮ ಗೋದಾಮು ಈಗ ಖಾಲಿ ಇದೆಯಲ್ಲ, ಸಂಜೆ ಹೊತ್ತು ಕೊಡ್ತೀರಾ?"

ಅಪ್ಪನಿಗೆ ಬ್ಯಾಲೆ ಎಂದರೇನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಆಯಿ ಮೊರ ನಿಲ್ಲಿಸಿದಳು.

"ಏನ್ ಕಲಿಸ್ತಾಳಂತ?"

ಅಡುಗೆಮನೆಯ ಬಾಗಿಲಲ್ಲಿ ಕಾಕು ನಿಂತಿದ್ದಳು. ಬಸವಕಲ್ಯಾಣದ ತವರಿನಲ್ಲಿದ್ದಾಗ ಟೀವಿಯಲ್ಲಿ ಒಮ್ಮೆ ಬ್ಯಾಲೆ ನೋಡಿ ಆಕೆ ಮರುಳಾಗಿದ್ದಳು. ಆ ವಿಷಯ ನಮಗೆ ಆಮೇಲೆ ತಿಳಿಯಿತು. ಒಂದು ಕ್ಷಣವೂ ತಡಮಾಡದೆ ಉತ್ತರ ಕೊಟ್ಟಳು.

"ಬ್ಯಾಳಿ ಅಂತ್ರಿ ಅತ್ತಿ."

"ಬ್ಯಾಳಿ ಕಲಿಸೋದೇನದ ಅದ್ರಾಗ? ಒಲಿ ಮ್ಯಾಲ ಇಟ್ರ ಬೇಯ್ತದ."

"ಮುಂಬೈ ಬ್ಯಾಳಿ ಬ್ಯಾರೆ ಇರ್ತದಂತ್ರಿ. ಭಾಳ ನಾಜೂಕ."

ಆಯಿ ಶಾಲಿನಿಯನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು ಆಕೆಗೆ ಹಿಡಿಸಿರಬೇಕು.

"ಹಂಗಾದ್ರ ಕಲೀಲಿ. ನಾಳೆ ಮದಿವಿ ಆಗಿ ಹೋಗೋ ಹುಡುಗ್ಯಾರು. ಗಿರಣಿಯವರ ಮನಿ ಹುಡುಗಿಗಿ ಬ್ಯಾಳಿ ಮಾಡಾಕ ಬರಂಗಿಲ್ಲ ಅಂದ್ರ ಮಂದಿ ನಗ್ತಾರ."

ಶಾಲಿನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಗೋದಾಮು ಸಿಕ್ಕಿತೆಂಬುದು ಅರ್ಥವಾಯಿತು. ಕೈ ಮುಗಿದಳು. ಹೀಗೆ ನಮ್ಮ ಬ್ಯಾಳಿ ಕ್ಲಾಸು ಶುರುವಾಯಿತು, ಶಾಲಿನಿ ನಮಗೆ ಟೀಚರ್ ಆದರು.

ಗೋದಾಮು ಎಂದರೆ ಉದ್ದನೆಯ ತಗಡಿನ ಚಪ್ಪರ, ಕೆಳಗೆ ಶಹಾಬಾದಿನ ಫರಸಿ ಕಲ್ಲು. ಸೀಜನ್ನಿನಲ್ಲಿ ಗೋಡೆಯ ತನಕ ಚೀಲ ಒಟ್ಟಿರುತ್ತಿದ್ದವು, ಮಳೆಗಾಲದಲ್ಲಿ ಖಾಲಿ. ಟೀಚರ್‌ಗೆ ಹಿಡಿದು ನಿಲ್ಲಲು ಒಂದು ಉದ್ದನೆಯ ಗಳ ಬೇಕಿತ್ತು. ಆಯಿ ಪೂಜೆಗೆ ಉಡುವ ಸೀರೆ ಒಣಗಲು ಹಾಕುವ ಬಿದಿರಿನ ಗಳವೊಂದು ಅಲ್ಲೇ ಗೋಡೆಯ ಉದ್ದಕ್ಕೆ ಕಟ್ಟಿತ್ತು. ಸೀರೆ ಹಾಕಿ ತೆಗೆಯುವ ಕಾಕು ಅದನ್ನೇ ತುಸು ಕೆಳಗಿಳಿಸಿ ಕಟ್ಟಿಕೊಟ್ಟಳು. ಹಳೆಯ ಝಂಪರಿನ ಬಟ್ಟೆಯಲ್ಲಿ ನಮಗೆಲ್ಲ ಮೆತ್ತನೆಯ ಪಾದಚೀಲಗಳನ್ನೂ ಹೊಲಿದುಕೊಟ್ಟಳು. ಓಣಿಯ ಐದಾರು ಹುಡುಗಿಯರು, ಗೌರಿ, ನಾನು. ಟೀಚರ್ ಪುಟ್ಟ ಟೇಪ್ ರೆಕಾರ್ಡರಿನಲ್ಲಿ ಪಿಯಾನೋ ಹಾಕುತ್ತಿದ್ದರು. ಮಳೆ ಜೋರಾದರೆ ತಗಡಿನ ಸದ್ದಿನಲ್ಲಿ ಪಿಯಾನೋ ಕೇಳಿಸುತ್ತಲೇ ಇರಲಿಲ್ಲ. ಆಗ ಟೀಚರ್ ಕೈ ತಟ್ಟಿ ತಾಳ ಹಾಕುತ್ತಿದ್ದರು. ಮೊದಲ ದಿನ ಕಲಿಸಿದ್ದು ಬೆನ್ನು ನೆಟ್ಟಗಿಟ್ಟು ಮೊಳಕಾಲು ಬಗ್ಗಿಸುವುದು. ಅದಕ್ಕೆ ಅವರು ಹೇಳಿದ ಪರದೇಶದ ಹೆಸರು ಪ್ಲಿಯೆ. ನಮ್ಮ ಕಿವಿಗೆ ಅದು ಪಲ್ಯ ಎಂದೇ ಕೇಳಿಸಿತು. ಪೂರ್ತಿ ಕೂತರೆ ದೊಡ್ಡ ಪಲ್ಯ, ಸ್ವಲ್ಪ ಬಗ್ಗಿದರೆ ಅರ್ಧ ಪಲ್ಯ. ಟೀಚರ್ ತಿದ್ದಿ ತಿದ್ದಿ ಸಾಕಾಗಿ ಕೊನೆಗೆ ತಾವೂ ಪಲ್ಯ ಎನ್ನತೊಡಗಿದರು.

ಇದರಿಂದ ಒಂದು ಅನುಕೂಲವಾಯಿತು. ಸಂಜೆ ಆಯಿ ವಿಚಾರಿಸಿದಾಗ ನಾವು ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ.

"ಇವತ್ತೇನ್ ಕಲಿಸಿದ್ರು?"

"ಪಲ್ಯ, ಆಯಿ."

"ಬ್ಯಾಳಿ ಕ್ಲಾಸಿನಾಗ ಪಲ್ಯ ಯಾಕ?"

"ಮೊದಲ ಪಲ್ಯ ಬರಬೇಕಂತ. ಪಲ್ಯ ಬಂದ್ರನೇ ಮುಂದಿಂದೆಲ್ಲ ಬರ್ತದಂತ."

"ಯಾವ ಪಲ್ಯ?"

"ಅರ್ಧ ಪಲ್ಯ," ಎಂದಳು ಗೌರಿ.

"ಅರ್ಧ ಅಂದ್ರ? ಬೇಯಿಸಲಾರದ್ದೇನು?"

ಅಪ್ಪ ತಾಟಿನ ಮೇಲೆ ಬಗ್ಗಿ ರೊಟ್ಟಿ ಮುರಿಯುವುದರಲ್ಲಿ ಮುಳುಗಿಹೋದ. ಅವ್ವ ನಗು ತಡೆಯಲಾರದೆ ನೀರು ತರುವ ನೆಪ ಮಾಡಿ ಎದ್ದು ಹೋದಳು. ಮುಂಬೈಯವರು ಹಸಿಬಿಸಿ ತಿನ್ನುತ್ತಾರೆಂದು ಆಯಿ ತೀರ್ಮಾನಿಸಿದಳು. ಆದರೂ ಕ್ಲಾಸಿನ ಮೇಲೆ ಆಕೆಗೆ ಅಭಿಮಾನ ಬೆಳೆಯುತ್ತಲೇ ಇತ್ತು. ನಾವು ಬಿಗಿಯಾಗಿ ತುರುಬು ಕಟ್ಟಿಕೊಳ್ಳುತ್ತಿದ್ದೆವು. ಊಟಕ್ಕೆ ಕೂತರೆ ಬೆನ್ನು ಬಾಗುತ್ತಿರಲಿಲ್ಲ. "ಬ್ಯಾಳಿ ಉಂಡ ಮೈ ಹಿಂಗಿರ್ತದ ನೋಡ್ರಿ" ಎಂದು ಬಂದ ರೈತರಿಗೆಲ್ಲ ನಮ್ಮ ಬೆನ್ನು ತೋರಿಸುತ್ತಿದ್ದಳು.

ನನ್ನ ಮಾತು ಹೇಳಬೇಕೆಂದರೆ, ನನಗೆ ಆ ಕ್ಲಾಸು ಅನ್ನ ನೀರಿನಷ್ಟು ಬೇಕಾಗಿಹೋಗಿತ್ತು. ನಾನು ವಯಸ್ಸಿಗೆ ಮೀರಿ ಉದ್ದ ಬೆಳೆದ, ಸಣಕಲು ಕಾಲಿನ ಹುಡುಗಿ. ಶಾಲೆಯಲ್ಲಿ ನನ್ನನ್ನು ಕೊಕ್ಕರಿ ಎಂದೇ ಕರೆಯುತ್ತಿದ್ದರು. ಎತ್ತರ ಅಡಗಿಸಲು ಭುಜ ಮುಂದೆ ತಂದು, ಕುತ್ತಿಗೆ ಒಳಗೆಳೆದುಕೊಂಡು ನಿಲ್ಲುತ್ತಿದ್ದೆ. ಟೀಚರ್ ಒಂದು ಸಂಜೆ ನನ್ನ ಹಿಂದೆ ಬಂದು, ಎರಡೂ ಭುಜ ಹಿಡಿದು ಹಿಂದಕ್ಕೆ ಸರಿಸಿ, ಗದ್ದಕ್ಕೆ ಒಂದು ಬೆರಳು ಕೊಟ್ಟು ಮೇಲೆತ್ತಿದರು.

"ಎಷ್ಟು ಛಾನ್ ಕಾಲು ನಿಂದು, ನೀಲಾ. ಇಷ್ಟು ಉದ್ದ ಕಾಲು ಬೇಕಂತ ನಾನು ಚಿಕ್ಕಂದಿನಲ್ಲಿ ದೇವರಿಗೆ ಕೇಳ್ತಿದ್ದೆ."

ನನ್ನ ಕಾಲಿನ ಬಗ್ಗೆ ಹೀಗೆ ಮಾತಾಡಿದವರು ಅವರೇ ಮೊದಲು. ಅವತ್ತು ಮನೆಗೆ ಓಡಿಬಂದು ಅವ್ವನ ಬೀರುವಿನ ಕನ್ನಡಿಯ ಮುಂದೆ ನಿಂತು ಎಷ್ಟೋ ಹೊತ್ತು ನೋಡಿಕೊಂಡೆ. ನನಗೆ ನಾನು ಇಷ್ಟವಾದೆ. ಆ ಸಂಜೆಯಿಂದ ನನಗಿದ್ದ ಭಯ ಒಂದೇ: ಆಯಿಗೆ ಗೊತ್ತಾದರೆ ಇದು ನಿಂತುಹೋಗುತ್ತದೆ.

ಗೊತ್ತಾದದ್ದು ಆಯಿಯ ಅಕ್ಕರೆಯಿಂದಲೇ. ಮುಂಬೈಯಾಕೆ ಇಷ್ಟು ದಿನ ಕಲಿಸುತ್ತಿದ್ದಾಳೆ, ನಮ್ಮ ಕಡೆಯ ಬ್ಯಾಳಿಯ ರುಚಿಯನ್ನೂ ಆಕೆ ನೋಡಬೇಕು ಎಂದು ಆಯಿಗೆ ಅನ್ನಿಸಿತು. ಒಂದು ಸಂಜೆ ತಾನೇ ಒಲೆಯ ಮುಂದೆ ಕೂತು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಹುಣಸೆಹಣ್ಣು ಹಿಂಡಿ ಬ್ಯಾಳಿ ಮಾಡಿ, ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಯಾರಿಗೂ ಹೇಳದೆ ಗೋದಾಮಿಗೆ ಬಂದಳು. ನಾವೆಲ್ಲ ಒಂದು ಕಾಲು ಗಳದ ಮೇಲಿಟ್ಟು, ಒಂದು ಕೈ ಆಕಾಶಕ್ಕೆ ಎತ್ತಿ ನಿಂತಿದ್ದೆವು. ಅವತ್ತು ಗ್ರಹಚಾರಕ್ಕೆ ಅದೇ ಗಳದ ಆ ತುದಿಯಲ್ಲಿ ಪೂಜೆಯ ಸೀರೆ ಇನ್ನೂ ಒಣಗುತ್ತಿತ್ತು. ಆಯಿ ಸೀರೆ ನೋಡಿದಳು, ಕಾಲುಗಳನ್ನು ನೋಡಿದಳು, ಸುತ್ತಲೂ ಒಲೆ ಹುಡುಕಿದಳು.

"ಬ್ಯಾಳಿ ಎಲ್ಲದ?"

ಟೀಚರ್ ಪಾಪ, ನಗುನಗುತ್ತಲೇ ಹೇಳಿದರು.

"ಇದೇ ಅಲ್ವಾ ಆಯಿ, ಬ್ಯಾಲೆ."

ಆಯಿ ಪಾತ್ರೆ ಕೆಳಗಿಟ್ಟಳು. ತನ್ನ ಸೀರೆ ತೆಗೆದುಕೊಂಡು, ಮಡಚಿ, ನೆಲ ನೋಡಿಕೊಂಡು ಹೊರಟುಹೋದಳು. ಆ ಬ್ಯಾಳಿಯನ್ನು ಮುಟ್ಟುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಆ ಸಂಜೆ ಪಡಸಾಲೆಯಲ್ಲಿ ನಡೆದ ಜಗಳದಷ್ಟು ದೊಡ್ಡ ಜಗಳ ನಮ್ಮ ಮನೆಯಲ್ಲಿ ಆಮೇಲೆ ನಡೆದ ನೆನಪಿಲ್ಲ. ಆಯಿ ಕೂಗಾಡಲಿಲ್ಲ, ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು. ಕಾಕುವನ್ನು ಎದುರಿಗೆ ನಿಲ್ಲಿಸಿಕೊಂಡು ತಣ್ಣಗೆ ಮಾತಾಡಿದಳು.

"ಕುಣಿತ ಅಂತ ಹೇಳಿದ್ರ ನಾ ಒಲ್ಲೆ ಅಂತಿದ್ದೆ. ಅದು ಬ್ಯಾರೆ ಮಾತು. ತೊಗರಿ ಅಂತ ಹೇಳಿ ಬಟಾಣಿ ತೂಗಿದ್ರಲ್ಲ, ಅದೂ ನನ್ನ ಮನ್ಯಾಗ. ನಮ್ಮ ತಕ್ಕಡಿ ಮುಂದ ಯಾರರೇ ಸುಳ್ಳ ಹೇಳ್ಯಾರೇನು ಇಲ್ಲಿತನಕ?"

ಕಾಕು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಪ್ಪ ಏನೋ ಹೇಳಹೋಗಿ ಆಯಿಯ ಕಣ್ಣು ನೋಡಿ ಪೇಪರ್ ಎತ್ತಿಕೊಂಡ. ಆಗ ಮಾತಾಡಿದವಳು ನನ್ನ ಅವ್ವ. ಅತ್ತೆಯ ಎದುರಿಗೆ ಹೂಂ, ಊಹೂಂ ಬಿಟ್ಟರೆ ಮಾತೇ ಆಡದ ಅವ್ವ.

"ಒಂದ್ಸಲ ನೋಡ್ರಿ ಅತ್ತಿ. ರೈತರ ಚೀಲಾನೂ ಬಿಚ್ಚಿ ನೋಡೇ ಒಲ್ಲೆ ಅಂತೀವಿ. ಇದನ್ನ ನೋಡಲಾರದ ಹ್ಯಾಂಗ ವಾಪಸ್ ಮಾಡ್ತೀರಿ?"

ಆಯಿ ಮೊರದ ಅಂಚು ಸವರಿದಳು.

"ಆಯ್ತು. ಶನಿವಾರ ಚೀಲ ಬಿಚ್ಚಿ ತೋರಸ್ರಿ. ಹುಳ ಇದ್ರ ಅವತ್ತಿಗೇ ಬಂದ್."

ಶನಿವಾರದ ತನಕ ನನಗೆ ನಿದ್ದೆ ಇರಲಿಲ್ಲ, ಊಟ ರುಚಿಸಲಿಲ್ಲ. ಟೀಚರ್ ಎಲ್ಲರಿಗೂ ಚಿಕ್ಕ ಚಿಕ್ಕ ಹೆಜ್ಜೆ ಕೊಟ್ಟು ನನಗೆ ದೊಡ್ಡದನ್ನು ಕೊಟ್ಟರು: ಬಾಗಿಲ ಕಡೆಯಿಂದ ಗರಗರ ತಿರುಗುತ್ತ ಗೋದಾಮು ದಾಟಿ ಎದುರಿನ ಮೂಲೆಯ ತನಕ ಹೋಗಿ, ಅಲ್ಲಿ ಒಂದೇ ಕಾಲಿನ ಮೇಲೆ ನಿಲ್ಲುವುದು. ಆ ಮೂಲೆ ತಲುಪುವಾಗ ನನ್ನ ಪಾದ ದಿನಾ ಒಂದು ಥರ ಜಾರಿದ ಹಾಗಾಗುತ್ತಿತ್ತು, ಅಭ್ಯಾಸ ಸಾಲದು ಎಂದುಕೊಂಡು ಮತ್ತೆ ಮತ್ತೆ ಮಾಡುತ್ತಿದ್ದೆ. ಶನಿವಾರ ಓಣಿಯ ತಾಯಂದಿರೆಲ್ಲ ಬಂದು ಗೋಣಿಚೀಲ ಹಾಸಿಕೊಂಡು ಕೂತರು. ಆಯಿ ಮಧ್ಯದಲ್ಲಿ ಸ್ಟೂಲಿನ ಮೇಲೆ. ಅವಳ ಮುಖ ತೂಕ ನೋಡುವಾಗಿನ ಮುಖ. ಗೌರಿಯ ಸಾಲು ಚೆನ್ನಾಗಿ ಆಯಿತು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾನು ತಿರುಗತೊಡಗಿದೆ. ಗೋಡೆ, ಗಳ, ಆಯಿ, ಬಾಗಿಲು, ಮತ್ತೆ ಆಯಿ. ಅರ್ಧ ದಾರಿ ದಾಟಿದಾಗ ಆಯಿಯ ಗದ್ದ ಸ್ವಲ್ಪ ಮೇಲೆದ್ದದ್ದು ಕಂಡಿತು. ಆಕೆ ನೋಡುತ್ತಿದ್ದಾಳೆ, ನಿಜವಾಗಿ ನೋಡುತ್ತಿದ್ದಾಳೆ ಎಂದು ನನಗೆ ಜೀವ ಬಂತು. ಮೂಲೆಗೆ ಬಂದೆ. ಕಾಲು ಎತ್ತಿದೆ. ಪಾದದ ಕೆಳಗಿನ ಕಲ್ಲು ನನ್ನನ್ನು ಬಿಟ್ಟುಕೊಟ್ಟಿತು. ಧಡ್ ಎಂದು ಬಿದ್ದೆ, ಮಂಡಿ ಒಡೆಯಿತು. ಪಿಯಾನೋ ತನ್ನ ಪಾಡಿಗೆ ತಾನು ನುಡಿಯುತ್ತಲೇ ಇತ್ತು.

"ಇಲ್ಲಿ ನೆಲಾ ಡೊಂಕ ಅದ ಆಯಿ," ಎಂದೆ.

ಬಾಯಿಂದ ಮಾತು ಹೊರಬಿದ್ದ ಮೇಲೆಯೇ ನಾನು ಏನು ಹೇಳಿದೆ ಎಂಬುದು ನನಗೆ ತಿಳಿದದ್ದು. ಆಯಿ ತನ್ನ ಗಾದೆ ಹೇಳಿದಳು. ಪೂರ್ತಿ ಹೇಳುವ ಮುಂಚೆಯೇ ನಗು ಶುರುವಾಗಿತ್ತು. ತಾಯಂದಿರು ನಕ್ಕರು, ಹುಡುಗಿಯರು ನಕ್ಕರು, ಗೌರಿಯೂ ನಕ್ಕಳು. ಅವ್ವ ಮಾತ್ರ ಎದ್ದು ಬಂದು ಸೆರಗಿನಿಂದ ನನ್ನ ಮಂಡಿ ಒತ್ತಿಹಿಡಿದಳು.

"ನೋಡಿದೆ," ಎಂದು ಆಯಿ ಎದ್ದಳು. ಕ್ಲಾಸು ಬಂದ್ ಆಯಿತು.

ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಬಿದ್ದದ್ದು ನೋವಾಗಿತ್ತು, ಕ್ಲಾಸು ಹೋದದ್ದು ಅದಕ್ಕಿಂತ ದೊಡ್ಡ ನೋವು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ನಾನು ಸುಳ್ಳು ಹೇಳಿದೆ ಎಂದು ಆಯಿ ತಿಳಿದದ್ದು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಆಯಿ ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಬರಿ ಹಣೆಯಲ್ಲೇ ಶಾಲೆಗೆ ಹೋದೆ. ನಮ್ಮಿಬ್ಬರ ಹಟ ಒಂದೇ ಅಚ್ಚಿನದು, ಅಜ್ಜಿಯಂತೆ ಮೊಮ್ಮಗಳು ಎಂದು ಅವ್ವ ಬೇಸರದಲ್ಲೂ ಹೇಳುತ್ತಿದ್ದಳು. ಟೀಚರ್ ಮಾಳಿಗೆಯಿಂದ ಇಳಿಯುವಾಗ ನನ್ನ ತಲೆ ಸವರಿ ಹೋಗುತ್ತಿದ್ದರು. ಗಂಡನ ಮನೆಯವರಿರುವ ಬಸವಕಲ್ಯಾಣಕ್ಕೆ ಮನೆ ಬದಲಿಸುವ ಯೋಚನೆ ಅವರಿಗಿದೆ ಎಂದು ಕಾಕು ಹೇಳಿದಾಗ ನಾನು ಅಟ್ಟದ ಮೇಲೆ ಹೋಗಿ ಖಾಲಿ ಚೀಲಗಳ ನಡುವೆ ಕೂತು ಅತ್ತೆ.

ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಮನೆಗೆ ಬಂದರೆ ಗೋದಾಮಿನ ಬಾಗಿಲು ತೆರೆದಿತ್ತು. ಇಣುಕಿ ನೋಡಿದೆ. ಆಯಿ ಒಬ್ಬಳೇ ನೆಲದ ಮಧ್ಯೆ ಕೂತಿದ್ದಳು, ಪಕ್ಕದಲ್ಲಿ ಮೊರದ ತುಂಬ ತೊಗರಿ. ಒಡೆದ ಬ್ಯಾಳಿಯಲ್ಲ, ಇಡೀ ತೊಗರಿ, ಗುಂಡನೆಯ ಕೆಂಪು ಕಾಳು. ಒಂದು ಹಿಡಿ ತೆಗೆದು ನೆಲದ ಮೇಲೆ ಮೆಲ್ಲಗೆ ಬಿಟ್ಟಳು. ಕಾಳು ಒಂದು ಗಳಿಗೆ ಅನುಮಾನಿಸಿದವು. ಆಮೇಲೆ ಒಂದೊಂದಾಗಿ ಉರುಳತೊಡಗಿದವು. ಎಲ್ಲವೂ ಒಂದೇ ಕಡೆಗೆ. ಆಯಿ ಸರಿದು ಕೂತು ಬೇರೆ ಜಾಗದಿಂದ ಇನ್ನೊಂದು ಹಿಡಿ ಬಿಟ್ಟಳು. ಅವೂ ಅದೇ ಮೂಲೆಗೆ ಹೋದವು. ತಿರುಗಿ ನೋಡದೆಯೇ ಆಯಿ ಕರೆದಳು.

"ನೀಲಾ, ಬಾ ಇಲ್ಲಿ. ಬಾಗಿಲ್ದಾಗ ನಿಂತು ಏನ್ ನೋಡಾಕತ್ತಿ?"

ಹೋಗಿ ಪಕ್ಕದಲ್ಲಿ ಕೂತೆ.

"ನೀ ಬಿದ್ದಿದ್ದೆಲ್ಲಿ?"

ನಾನು ತೊಗರಿ ಗುಂಪುಗೂಡಿದ ಮೂಲೆಗೆ ಬೆರಳು ತೋರಿಸಿದೆ. ಆಯಿ ತಲೆ ಆಡಿಸಿದಳು.

"ನಾನೂ ಅಲ್ಲೇ ಬಿದ್ದಿದ್ದೆ."

ಯಾವಾಗ ಎಂದು ಕೇಳಿದೆ.

"ಸೊಸಿಯಾಗಿ ಬಂದ ಹೊಸದಾಗ. 'ಬುಟ್ಟಿ ತುಂಬ ಬ್ಯಾಳಿ ಒಯ್ದು ಅಲ್ಲಿ ಇಡು' ಅಂದಿದ್ಲು ನಮ್ಮತ್ತಿ. ಇನ್ನೇನ ಇಡಬೇಕು, ಕಾಲ ಜಾರಿತು. ಬ್ಯಾಳಿ ಎಲ್ಲಾ ಚೆಲ್ಲಿತು. ಹಮಾಲರು, ಬೀಗರು ಎಲ್ಲಾರೂ ನಿಂತಿದ್ರು. ನಾನೂ ನಿನ್ನಂಗೇ ಅಂದೆ, ಅತ್ತಿ, ಇಲ್ಲಿ ನೆಲಾ ಡೊಂಕ ಅದರಿ ಅಂತ. ಆಕಿ ಈ ಗಾದಿ ಹೇಳಿದ್ಲು. ಎಲ್ಲಾರೂ ನಕ್ರು."

ಆಯಿ ಇನ್ನೊಂದು ಹಿಡಿ ತೆಗೆದುಕೊಂಡಳು, ಆದರೆ ಬಿಡಲಿಲ್ಲ. ಮುಷ್ಟಿಯಲ್ಲೇ ಹಿಡಿದು ಕೂತಳು.

"ಅವತ್ತಿನಿಂದ ನೆಲಾ ನೋಡ್ಕೋತನೇ ನಡದೀನಿ. ಇಷ್ಟ ದಿನಾ ನನ್ನ ಕಾಲೇ ಡೊಂಕ ಅಂತ ತಿಳ್ಕೊಂಡಿದ್ದೆ."

ಆಯಿಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ತೊಡೆಯ ಮೇಲೆ ತಲೆ ಇಟ್ಟೆ. ತೊಗರಿ ಹಿಡಿದ ಮುಷ್ಟಿಯಿಂದಲೇ ಅವಳು ನನ್ನ ಬೆನ್ನು ತಟ್ಟಿದಳು. ಆಮೇಲೆ ಇಬ್ಬರೂ ಸೇರಿ ಕಾಳು ಆರಿಸಿದೆವು. ನಮ್ಮ ಮನೆಯಲ್ಲಿ ಅಳು ಬಂದರೂ ಕಾಳು ಬಿಟ್ಟು ಏಳುವ ಪದ್ಧತಿ ಇರಲಿಲ್ಲ.

ಮಾರನೆಯ ದಿನವೇ ಗೌಂಡಿ ಇಸ್ಮಾಯಿಲ್ ಚಾಚಾ ಬಂದರು. ಮೂಲೆಯ ಫರಸಿ ಎಬ್ಬಿಸಿದರೆ ಕೆಳಗಿನ ಮಣ್ಣು ಕುಸಿದು ಪೊಳ್ಳಾಗಿತ್ತು. ತಲೆಮಾರುಗಳಿಂದ ಚೀಲಗಳನ್ನು ಅಲ್ಲೇ ಒಟ್ಟುತ್ತ ಬಂದದ್ದರ ಫಲ. ಆಯಿ ಸ್ಟೂಲು ಹಾಕಿಕೊಂಡು ಕೂತು ಒಂದೊಂದು ಕಲ್ಲಿಗೂ ತಕರಾರು ತೆಗೆದಳು. ಚಾಚಾ ಬೆವರು ಒರೆಸಿಕೊಂಡರು.

"ಅಮ್ಮಾ, ಗೋದಾಮಿಗಿ ಇಷ್ಟ ಲೆವಲ್ ಯಾಕ್ ಬೇಕ್ರಿ? ಚೀಲಾನೇ ಇಡೋದಲ್ಲ."

"ಚೀಲಕ್ಕಲ್ಲೋ ಇಸ್ಮಾಯಿಲಾ. ಇಲ್ಲಿ ಬ್ಯಾಳಿ ಕ್ಲಾಸ್ ಅದ."

ಅಡುಗೆಮನೆಯಲ್ಲಿ ಕಾಕುವಿನ ಕೈಯಿಂದ ಸೌಟು ಬಿದ್ದ ಸದ್ದು ನನಗೆ ಕೇಳಿಸಿತು. ಆಯಿಗೆ ಬ್ಯಾಲೆ ಎಂದು ಹೇಳಲು ಬರುತ್ತಿರಲಿಲ್ಲವೋ, ಬರುತ್ತಿದ್ದರೂ ಬೇಡವಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಯ ತನಕ ಆಕೆಗೆ ಅದು ಬ್ಯಾಳಿ ಕ್ಲಾಸೇ. ಈಗ ನಾನು ಬಸವಕಲ್ಯಾಣದಲ್ಲಿ ಒಂದು ಹಾಲ್ ಬಾಡಿಗೆ ಹಿಡಿದು ಹುಡುಗಿಯರಿಗೆ ಕಲಿಸುತ್ತೇನೆ. ಅವರೂ ಪಲ್ಯ ಎನ್ನುತ್ತಾರೆ, ನಾನು ತಿದ್ದುವುದಿಲ್ಲ. ಹೊಸ ನೆಲದ ಮೇಲೆ ಯಾರನ್ನಾದರೂ ನಿಲ್ಲಿಸುವ ಮೊದಲು ಚೀಲದಿಂದ ಒಂದು ಹಿಡಿ ಇಡೀ ತೊಗರಿ ತೆಗೆದು ಬಿಡುತ್ತೇನೆ. ಬ್ಯಾಲೆ ಎಂದರೆ ಜಗತ್ತಿನಲ್ಲೆಲ್ಲ ಹೀಗೆ ತೊಗರಿ ಬಿಟ್ಟೇ ಶುರುವಾಗುತ್ತದೆ ಎಂದು ನನ್ನ ಹುಡುಗಿಯರು ನಂಬಿದ್ದಾರೆ. ಅವರಲ್ಲಿ ಒಬ್ಬಳು ಹೈದರಾಬಾದಿನ ಸ್ಪರ್ಧೆಗೆ ಹೋದಾಗ ವೇದಿಕೆಯ ಮೇಲೆ ಜೇಬಿನಿಂದ ತೊಗರಿ ತೆಗೆದು ಅಲ್ಲಿಯವರನ್ನು ಗಾಬರಿಪಡಿಸಿದಳು.

ಇಸ್ಮಾಯಿಲ್ ಚಾಚಾ ಸರಿಮಾಡಿದ ನೆಲ ಒಣಗಿದ ದಿನ ಬೆಳಿಗ್ಗೆ ಪೂಜೆ ಮುಗಿಸಿದ ಆಯಿ ವಿಭೂತಿಯ ಗಟ್ಟಿ ಕೈಯಲ್ಲಿ ಹಿಡಿದೇ ಗೋದಾಮಿಗೆ ಬಂದಳು. ಟೀಚರ್, ಗೌರಿ, ಅವ್ವ, ಕಾಕು ಎಲ್ಲರೂ ಇದ್ದರು. ಗೋಡೆಗೆ ಹೊಸದೊಂದು ಗಳ ಕಟ್ಟಿತ್ತು. ತನ್ನ ಸೀರೆಯ ಗಳವನ್ನು ಆಯಿ ದೂರದ ಗೋಡೆಗೆ ಎತ್ತರಕ್ಕೆ ಕಟ್ಟಿಸಿದ್ದಳು, ನನ್ನ ಕಾಲಿಗೂ ಎಟುಕದ ಎತ್ತರಕ್ಕೆ. ಮೂಲೆಯಲ್ಲಿ ಒಂದು ಹಿಡಿ ತೊಗರಿ ಬಿಟ್ಟಳು. ಕಾಳು ಬಿದ್ದಲ್ಲೇ ನಿಂತವು. ನನ್ನನ್ನು ಹತ್ತಿರ ಕರೆದು, ಗದ್ದ ಹಿಡಿದು, ಇಷ್ಟು ದಿನದ್ದೆಲ್ಲ ಸೇರಿಸಿದಂತೆ ಹಣೆ ತುಂಬ ವಿಭೂತಿ ಬಳಿದಳು.

"ಈಗ ನೆಲಾ ನೆಟ್ಟಗದ. ಇನ್ನ ಬಿದ್ರ ಅದು ನಿಂದೇ."

ಅಷ್ಟು ಹೇಳಿ ತನ್ನ ಸ್ಟೂಲಿನ ಕಡೆ ಹೊರಟಳು. ಸ್ಟೂಲು ಆ ಮೂಲೆಯ ಆಚೆಗಿತ್ತು. ಆಯಿ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನಮ್ಮೆಲ್ಲರ ಮುಖ ನೋಡುತ್ತ ಆ ಮೂಲೆ ದಾಟಿದಳು. ನೆಲ ನೋಡಲಿಲ್ಲ.